ಪೊಲೀಸರು ಮುಷ್ಕರ ಮಾಡಬಾರದು, ಸರಿ. ಹಾಗಾದ್ರೆ ಅವರ ಪರ ಮಾತಾಡೋರು ಯಾರು?

ತೋಟದಮನೆ
ಕೊಡಗಿನವರ ಅಭಿಪ್ರಾಯ ಬೇಕಿತ್ತು, ಅದಕ್ಕೇ ಇಲ್ಲಿ ಹಾಕುತ್ತಿದ್ದೇನೆ. 2016ರ ಜೂನ್ 4 ನೆನಪಿದೆಯಾ? ರಾಜ್ಯದ ಪೊಲೀಸರು ಅವತ್ತು ಸಾಮೂಹಿಕ ರಜೆ ಹಾಕುತ್ತಾರೆ ಅಂತ ದೊಡ್ಡ ಸುದ್ದಿಯಾಗಿತ್ತು. ಸಂಬಳ ಪಕ್ಕದ ರಾಜ್ಯಗಳಿಗಿಂತ ಕಡಿಮೆ, ವಾರದ ರಜೆ ಇಲ್ಲ, ಮೇಲಿನವರ ಕಿರುಕುಳ, ಆರ್ಡರ್ಲಿ ಕೆಲಸ (ಅಧಿಕಾರಿಗಳ ಮನೆಗೆಲಸ). ಇವೆಲ್ಲ ದೂರುಗಳು. ಸರ್ಕಾರ ರಜೆ ರದ್ದು ಮಾಡಿತು, ಎಸ್ಮಾ (ಅಗತ್ಯ ಸೇವೆಗಳಲ್ಲಿ ಮುಷ್ಕರ ತಡೆಯುವ ಕಾಯ್ದೆ) ಅಂದಿತು. ಅಖಿಲ ಕರ್ನಾಟಕ ಪೊಲೀಸ್ ಮಹಾಸಂಘದ ಅಧ್ಯಕ್ಷ ವಿ. ಶಶಿಧರ್ ಅವರನ್ನು ಮೊದಲೇ ಬಂಧಿಸಿ ರಾಜದ್ರೋಹದ ಕೇಸು ಹಾಕಿದರು. ಜೂನ್ 4 ಬಂತು, ಪೊಲೀಸರು ಡ್ಯೂಟಿಗೆ ಬಂದರು, ಅಷ್ಟೇ.

ನನ್ನ ತಮ್ಮ ಕಾನ್‌ಸ್ಟೆಬಲ್. ಯಾವ ಠಾಣೆ ಅಂತ ಬರೆಯುವುದಿಲ್ಲ. ಇದರ ಬಗ್ಗೆ ಮಾತು ಬಂದರೆ ಮನೆಯಲ್ಲಿ ಜಗಳ. "ಮುಷ್ಕರ ಮಾಡೋ ಪೊಲೀಸ್ ಪೊಲೀಸೇ ಅಲ್ಲ" ಅಂತ ಅವನೇ ಹೇಳುತ್ತಾನೆ! ಅವನ ಪರ ನಾನು ಅವನ ಜೊತೆಗೇ ವಾದ ಮಾಡಬೇಕು. ಮುಷ್ಕರ ಬೇಡ ಅಂತ ಒಪ್ಪೋಣ. ಆದರೆ ಬೆದರಿಕೆ ಹಾಕದೆ ಇವರ ಮಾತು ಯಾರಾದ್ರೂ ಕೇಳಿದ್ದಾರಾ?

ಸಂತೆದಿನ
ಅಕ್ಕ, ಕೋಪ ಮಾಡ್ಕೋಬೇಡಿ. ಗೋಣಿಕೊಪ್ಪದಲ್ಲಿ ಅಂಗಡಿ ಇಟ್ಟವನು ನಾನು. ಕಳ್ಳತನದ ದೂರು ಕೊಡಲು ಹೋದರೆ "ನಾಳೆ ಬನ್ನಿ" ಅನ್ನುತ್ತಾರೆ. ಹೆಲ್ಮೆಟ್ ಇಲ್ಲದಿದ್ದರೆ ಮಾತ್ರ ಇವತ್ತೇ ಬೇಕು. ಇಂಥವರಿಗೆ ಸಂಬಳ ಸಾಲಲ್ಲ ಅಂದರೆ ಜನರಿಗೆ ಅಯ್ಯೋ ಅನ್ನಿಸುವುದು ಕಷ್ಟ.

ಹೋಂಸ್ಟೇ ಭಟ್ಟ
ನಾಳೆ ಬನ್ನಿ ಅನ್ನುವುದು ಯಾಕೆ ಅಂದರೆ ಇವತ್ತು ಠಾಣೆಯಲ್ಲಿ ಜನ ಇರಲ್ಲ. ಅರ್ಧ ಜನ ಬಂದೋಬಸ್ತಿಗೆ ಹೋಗಿರುತ್ತಾರೆ.

ಹಳೆ ಖಾಕಿ
ನಾನು ನಿವೃತ್ತ ಎಎಸ್‌ಐ. ಕೊಡಗಿನಲ್ಲೇ ಹೆಚ್ಚು ಸೇವೆ. ತೋಟದಮನೆ ಅವರೇ, ನಿಮ್ಮ ತಮ್ಮ ಹೇಳಿದ್ದು ನಮ್ಮಲ್ಲಿ ಬಹಳ ಜನ ಹೇಳುವ ಮಾತು. ಟ್ರೈನಿಂಗ್‌ನಲ್ಲೇ ತಲೆಗೆ ತುಂಬುತ್ತಾರೆ. 1861ರ ಪೊಲೀಸ್ ಕಾಯ್ದೆಯ ಕಾಲದಿಂದ ಪೊಲೀಸ್ ಅಂದರೆ ಸದಾ ಡ್ಯೂಟಿಯಲ್ಲಿ ಇರುವವನು. ಎಂಟು ಗಂಟೆ ಅನ್ನುವ ಲೆಕ್ಕ ಅಲ್ಲಿಂದಲೇ ಇಲ್ಲ.

ಕೊಡಗಿನ ಡ್ಯೂಟಿ ಹೇಗೆ ಅಂತ ಹೊರಗಿನವರಿಗೆ ಗೊತ್ತಿಲ್ಲ. ಜೂನ್‌ನಿಂದ ಮಳೆ. ಮರ ಬೀಳುತ್ತದೆ, ರಸ್ತೆ ಜರಿಯುತ್ತದೆ, ಮೊದಲು ಹೋಗಿ ನಿಲ್ಲುವವನು ಪಿಸಿ, ಅಂದರೆ ಪೊಲೀಸ್ ಕಾನ್‌ಸ್ಟೆಬಲ್. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಕುಸಿದಾಗ ನಮ್ಮವರು ಯೂನಿಫಾರ್ಮ್ ಒಣಗಿಸಿಕೊಳ್ಳಲೂ ಆಗದೆ ಓಡಾಡಿದ್ದಾರೆ. ಅಕ್ಟೋಬರ್‌ನಲ್ಲಿ ದಸರಾ. ಮಡಿಕೇರಿಯಲ್ಲಿ ವಿಜಯದಶಮಿಯ ರಾತ್ರಿ ದಶಮಂಟಪ (ಹತ್ತು ದೇವಸ್ಥಾನಗಳ ಮಂಟಪಗಳ ಮೆರವಣಿಗೆ), ಬೆಳಗಾಗುವ ತನಕ ನಿಂತೇ ಇರಬೇಕು. ಅದರ ಆಸುಪಾಸಿನಲ್ಲೇ ತಲಕಾವೇರಿ ತೀರ್ಥೋದ್ಭವ. ಅದು ಯಾವ ಹೊತ್ತಿಗೆ ಬರುತ್ತದೋ ಆ ಹೊತ್ತಿಗೆ ಡ್ಯೂಟಿ. ನಡುರಾತ್ರಿ ಆದರೂ ಸರಿ. 2015ರ ನವೆಂಬರ್ 10ರ ಗಲಾಟೆ ಆದ ಮೇಲೆ ಟಿಪ್ಪು ಜಯಂತಿ ನಿಲ್ಲುವ ತನಕ ಪ್ರತಿ ವರ್ಷ ನವೆಂಬರ್ ಬಂದರೆ ಬಂದೋಬಸ್ತ್. ಈಗ ಪ್ರತಿ ಶನಿವಾರ, ಭಾನುವಾರ ಬೆಂಗಳೂರಿನ ಕಾರುಗಳು. ವೀಕ್ ಆಫ್ ಆದೇಶ ಇದೆ, ಸುಳ್ಳು ಹೇಳಲ್ಲ. ಆದರೆ ಭಾನುವಾರ ಯಾರಿಗೂ ಸಿಗಲ್ಲ, ಮಂಗಳವಾರ ಸಿಕ್ಕರೆ ಮಕ್ಕಳು ಶಾಲೆಯಲ್ಲಿ ಇರುತ್ತಾರೆ. ಆ ಮಂಗಳವಾರವೂ ಸಂಜೆ ಫೋನ್ ಬರಬಹುದು.

ಇದು ಕೊಡಗಿಗಷ್ಟೇ ಅಲ್ಲ. 2014ರಲ್ಲಿ ಕೇಂದ್ರದ ಬಿಪಿಆರ್‌ಡಿ (ಪೊಲೀಸ್ ಸಂಶೋಧನೆ ಮತ್ತು ಅಭಿವೃದ್ಧಿ ಬ್ಯೂರೋ) ಒಂದು ಅಧ್ಯಯನ ಮಾಡಿಸಿತ್ತು. ದೇಶದ ಠಾಣೆಗಳ ಸಿಬ್ಬಂದಿಯಲ್ಲಿ ಸುಮಾರು ಶೇ. 90ರಷ್ಟು ಜನ ದಿನಕ್ಕೆ ಎಂಟು ಗಂಟೆಗಿಂತ ಜಾಸ್ತಿ ದುಡಿಯುತ್ತಾರೆ ಅಂತ ಅದರಲ್ಲೇ ಇದೆ.

ಎಕ್ಸ್ ಸರ್ವೀಸ್
ಸೇನೆಯಲ್ಲಿದ್ದವನಾಗಿ ಹೇಳುತ್ತೇನೆ. ಕಾರ್ಯಪ್ಪ, ತಿಮ್ಮಯ್ಯ ಹುಟ್ಟಿದ ನಾಡು ಇದು. ಯೂನಿಫಾರ್ಮ್ ಹಾಕಿದವರು ಸಾಮೂಹಿಕ ರಜೆ ಅಂದರೆ ನಮ್ಮ ಭಾಷೆಯಲ್ಲಿ ಅದು ದಂಗೆ. ಸಿಯಾಚಿನ್‌ನಲ್ಲಿ ಇರುವವನು ವೀಕ್ ಆಫ್ ಕೇಳುತ್ತಾನಾ?

ಹಳೆ ಖಾಕಿ
ಅಣ್ಣ, ನಿಮಗೆ ನಮಸ್ಕಾರ. ಆದರೆ ಲೆಕ್ಕ ಪೂರ್ತಿ ಹೇಳಿ. ಸೈನಿಕನಿಗೆ ವರ್ಷಕ್ಕೆ 60 ದಿನ ವಾರ್ಷಿಕ ರಜೆ ಇದೆ. ಅವನು ಊರಿಗೆ ಬಂದರೆ ಬಂದ, ಎರಡು ತಿಂಗಳು ಯಾರೂ ಕರೆಯುವುದಿಲ್ಲ. ಕ್ಯಾಂಟೀನ್ ಇದೆ, ಮಿಲಿಟರಿ ಆಸ್ಪತ್ರೆ ಇದೆ. ಪಿಸಿಗೆ ಇಎಲ್ (ಗಳಿಕೆ ರಜೆ) ಲೆಕ್ಕದಲ್ಲಿ ಇರುತ್ತದೆ, ಕೇಳಿದಾಗ ಮಂಜೂರಾಗಲ್ಲ. ಇನ್ನೊಂದು ವಿಷಯ. ನಿಮ್ಮ ಎದುರಾಳಿ ಗಡಿಯ ಆಚೆ ಇರುತ್ತಾನೆ. ನಾವು ಬೆಳಿಗ್ಗೆ ಲಾಠಿ ಹಿಡಿದು ತಳ್ಳಿದ ಮನುಷ್ಯ ಸಂಜೆ ನಮ್ಮ ಮಗಳ ಮದುವೆಗೆ ಬರುವವನು. ಒಂದೇ ಊರು.

ಎಕ್ಸ್ ಸರ್ವೀಸ್
ರಜೆ ವಿಷಯ ಒಪ್ಪಿದೆ. ದಂಗೆ ವಿಷಯ ಒಪ್ಪಿಲ್ಲ.

ಘಟ್ಟದ ಕೆಳಗೆ
ನಮ್ಮ ಹುಡುಗರು ಸೇನೆಗೆ ಹೋಗುತ್ತಾರೆ, ಪೊಲೀಸ್ ಕೆಲಸಕ್ಕೆ ಬರುವವರು ಕಡಿಮೆ. ಇಲ್ಲಿನ ಠಾಣೆಗಳಲ್ಲಿ ಎಷ್ಟೋ ಜನ ಉತ್ತರ ಕರ್ನಾಟಕದವರು. ಅವರಲ್ಲಿ ಯಾರಾದ್ರೂ ಇಲ್ಲಿ ಓದುತ್ತಿದ್ದರೆ ಬರೆಯಿರಿ.

ಕೃಷ್ಣಾ ತೀರ
ಇದ್ದೀನ್ರಿ. ಹೆಸರು ಹೇಳಂಗಿಲ್ಲ. ಬಾಗಲಕೋಟೆ ಕಡೆಯವನು. ಕೊಡಗಿಗೆ ಅರ್ಜಿ ಹಾಕಿದರೆ ಕೆಲಸ ಬೇಗ ಆಗುತ್ತದೆ ಅಂತ ಗೆಳೆಯರು ಹೇಳಿದ್ದರು. ಆಯಿತು ಕೂಡ. ಮೊದಲ ಮಳೆಗಾಲದಲ್ಲೇ ಅತ್ತುಬಿಟ್ಟೆ ನೋಡ್ರಿ. ನಮ್ಮೂರಲ್ಲಿ ಮಳೆಗೆ ಕಾಯುತ್ತೇವೆ, ಇಲ್ಲಿ ಬಿಸಿಲಿಗೆ. ಬೂಟಿನಲ್ಲಿ ಜಿಗಣೆ, ಕ್ವಾರ್ಟರ್ಸ್ ಗೋಡೆಗೆ ಪಾಚಿ, ಬಟ್ಟೆ ಒಣಗಲ್ಲ. ಅಪ್ಪನಿಗೆ ಹುಷಾರಿಲ್ಲ ಅಂದರೆ ಊರು ಮುಟ್ಟಲು ಒಂದು ರಾತ್ರಿ ಒಂದು ಹಗಲು ಬೇಕು. ಎರಡು ದಿನ ಸಿಎಲ್ (ಸಾಂದರ್ಭಿಕ ರಜೆ) ಕೊಟ್ಟರೆ ಬಸ್ಸಿನಲ್ಲೇ ಮುಗಿಯಿತು.

ಊರಿನ ಕಡೆ ವರ್ಗ ಕೇಳಬಹುದು. ಆದರೆ ಪಿಸಿಗಳ ಸೀನಿಯಾರಿಟಿ ಜಿಲ್ಲೆ ಲೆಕ್ಕದಲ್ಲಿ. ಬೇರೆ ಜಿಲ್ಲೆಗೆ ಹೋದರೆ ಅಲ್ಲಿನ ಪಟ್ಟಿಯ ಕೊನೆಗೆ ನಿಲ್ಲಬೇಕು. ಹೆಚ್‌ಸಿ (ಹೆಡ್ ಕಾನ್‌ಸ್ಟೆಬಲ್) ಆಗುವುದು ಮತ್ತೆ ದೂರ. ಹೀಗಾಗಿ ಹೋಗಲೂ ಆಗಲ್ಲ, ಇರಲೂ ಆಗಲ್ಲ.

ಮುಷ್ಕರ ಮಾಡ್ತೀಯಾ ಅಂದರೆ ಇಲ್ಲರೀ. ಮನೆಯಲ್ಲಿ ದುಡಿಯುವವನು ನಾನೊಬ್ಬನೇ. ಸಸ್ಪೆಂಡ್ ಆದರೆ ಮುಗಿಯಿತು.

ತೋಟದಮನೆ
ತಮ್ಮಾ, ಬರೆದಿದ್ದಕ್ಕೆ ಥ್ಯಾಂಕ್ಸ್. ಗುರುತು ಸಿಗುವಂಥದ್ದು ಏನೂ ಹಾಕಬೇಡ.

ಸಂತೆದಿನ
ಸಂಬಳ ಎಷ್ಟು ಅಂತ ಯಾರೂ ಹೇಳುತ್ತಿಲ್ಲವಲ್ಲ! ಸುಮ್ನೆ ಕಷ್ಟ ಕಷ್ಟ ಅಂದರೆ ಹೇಗೆ.

ಹಳೆ ಖಾಕಿ
ಹೇಳುತ್ತೇನೆ. ಆಗ ಎಡಿಜಿಪಿ ಆಗಿದ್ದ ರಾಘವೇಂದ್ರ ಔರಾದ್ಕರ್ ಅವರ ಸಮಿತಿ ಸಂಬಳದ ಬಗ್ಗೆ ವರದಿ ಕೊಟ್ಟಿತು. 2016ರ ಗಲಾಟೆಯ ಕಾಲದ್ದು ಅದು. ಜಾರಿಗೆ ಬಂದಿದ್ದು 2019ರ ಆಗಸ್ಟ್‌ನಿಂದ. ಮೂರು ವರ್ಷ ಫೈಲು ತಿರುಗಿತು. ಪಿಸಿಯ ವೇತನ ಶ್ರೇಣಿ ಶುರುವಿನಲ್ಲಿ 21,400 ಇದ್ದದ್ದು 23,500 ಆಯಿತು. ಬಂದಿದ್ದು ಕಡಿಮೆ ಅಂತ ನಾನು ಗೊಣಗಲ್ಲ. ಆದರೆ ಲಾಭ ಸಿಕ್ಕಿದ್ದು ಹೊಸದಾಗಿ ಸೇರಿದವರಿಗೆ. ಹತ್ತು ಹದಿನೈದು ವರ್ಷ ಸರ್ವೀಸ್ ಆದವರು "ನಮಗೇನು ಬಂತು" ಅಂತ ಕೇಳಿದರು. ಹೋರಾಡಿದವರು ಅವರು, ಬೈಸಿಕೊಂಡವರು ಅವರು. ಇದಕ್ಕೆ ಇನ್ನೂ ಸಮಾಧಾನ ಇಲ್ಲ.

ಆಮೇಲೆ 2024ರ ಆಗಸ್ಟ್‌ನಿಂದ ಏಳನೇ ವೇತನ ಆಯೋಗ ಬಂತು. ಅದು ಎಲ್ಲ ಸರ್ಕಾರಿ ನೌಕರರಿಗೂ. ಕನಿಷ್ಠ ಮೂಲ ವೇತನ 17,000ದಿಂದ 27,000ಕ್ಕೆ ಹೋಯಿತು. ಆದ್ದರಿಂದ ಪಿಸಿ ಹಸಿದಿದ್ದಾನೆ ಅಂತ ನಾನು ಹೇಳುತ್ತಿಲ್ಲ. ಗಂಟೆ ಲೆಕ್ಕ ಹಾಕಿ ನೋಡಿ ಅಂತ ಹೇಳುತ್ತಿದ್ದೇನೆ.

ಕೊಡಗಿಗೆ ಸೇರಿದ್ದು ಒಂದಿದೆ. ಮನೆ ಬಾಡಿಗೆ ಭತ್ಯೆ ಊರಿನ ಜನಸಂಖ್ಯೆ ನೋಡಿ ಕೊಡುತ್ತಾರೆ. ಮಡಿಕೇರಿ, ಕುಶಾಲನಗರ, ವಿರಾಜಪೇಟೆ ಲೆಕ್ಕದಲ್ಲಿ ಸಣ್ಣ ಊರು. ಬಾಡಿಗೆ ಮಾತ್ರ ಸಣ್ಣದಲ್ಲ. ಒಂದು ಮನೆ ಖಾಲಿಯಾದರೆ ಮಾಲೀಕ ಹೋಂಸ್ಟೇ ಮಾಡುತ್ತಾನೆ, ಪೊಲೀಸಿಗೆ ಯಾಕೆ ಕೊಡುತ್ತಾನೆ?

ಹೋಂಸ್ಟೇ ಭಟ್ಟ
ನನ್ನನ್ನೇ ನೋಡಿ ಹೇಳಿದ ಹಾಗಿದೆ! ನಿಜ, ಎರಡು ರಾತ್ರಿಗೆ ಬರುವ ದುಡ್ಡು ತಿಂಗಳ ಬಾಡಿಗೆಯ ಹತ್ತಿರ ಹೋಗುವುದಿದೆ.

ಮೇಷ್ಟ್ರು
ನಾನು ಸರ್ಕಾರಿ ಶಾಲೆ ಶಿಕ್ಷಕ. 2023ರ ಮಾರ್ಚ್ 1ರಂದು ನಾವು ಮುಷ್ಕರ ಮಾಡಿದೆವು. ಷಡಾಕ್ಷರಿ ಅವರ ನೌಕರರ ಸಂಘ ಕರೆ ಕೊಟ್ಟಿತ್ತು. ಅವತ್ತೇ ಸರ್ಕಾರ ಶೇ. 17 ಮಧ್ಯಂತರ ಪರಿಹಾರ ಘೋಷಿಸಿತು, ಮುಷ್ಕರ ವಾಪಸ್ ಆಯಿತು. ಅರ್ಧ ದಿನ ಕೂಡ ಪೂರ್ತಿ ಆಗಲಿಲ್ಲ. ಶಾಲೆ ಮುಚ್ಚಿದ್ದಕ್ಕೆ ನಮ್ಮ ಮೇಲೆ ರಾಜದ್ರೋಹ ಯಾರೂ ಹಾಕಲಿಲ್ಲ. ಅವತ್ತು ಕಚೇರಿಗಳ ಮುಂದೆ ಕಾವಲು ನಿಂತವರು ಪೊಲೀಸರು. ನಮ್ಮ ಮುಷ್ಕರದಿಂದ ಬಂದ ಹಣ ಅವರಿಗೂ ಬಂತು, ಅದು ಬೇರೆ.

ವಕೀಲಮ್ಮ
ಕಾನೂನು ಏನು ಹೇಳುತ್ತದೆ ಅಂತ ಸ್ವಲ್ಪ ಬಿಡಿಸಿ ಬರೆಯುತ್ತೇನೆ. ಇಲ್ಲಿ ಕೆಲವರು ಸಂಘ ಕಟ್ಟುವುದು, ಮುಷ್ಕರ ಮಾಡುವುದು ಎರಡನ್ನೂ ಒಂದೇ ಮಾಡುತ್ತಿದ್ದೀರಿ.

ಸಂಘ ಕಟ್ಟುವ ಹಕ್ಕು ಸಂವಿಧಾನದಲ್ಲಿ ಎಲ್ಲರಿಗೂ ಇದೆ. ಆದರೆ 33ನೇ ವಿಧಿ ಪ್ರಕಾರ ಸೇನೆ ಮತ್ತು ಶಾಂತಿ ಸುವ್ಯವಸ್ಥೆ ನೋಡುವ ಪಡೆಗಳಿಗೆ ಈ ಹಕ್ಕನ್ನು ಸಂಸತ್ತು ಕಡಿಮೆ ಮಾಡಬಹುದು. ಹಾಗೆ ಬಂದದ್ದು 1966ರ ಪೊಲೀಸ್ ಪಡೆಗಳ ಹಕ್ಕು ನಿರ್ಬಂಧ ಕಾಯ್ದೆ. ಅನುಮತಿ ಇಲ್ಲದೆ ಪೊಲೀಸರು ಯೂನಿಯನ್ ಸೇರುವಂತಿಲ್ಲ. ಮೀರಿದರೆ ಎರಡು ವರ್ಷದ ತನಕ ಜೈಲು ಆಗಬಹುದು. ಗಮನಿಸಿ, "ಅನುಮತಿ ಇಲ್ಲದೆ" ಅಂತ ಇದೆ. ಅಂದರೆ ಸರ್ಕಾರ ಮನಸ್ಸು ಮಾಡಿದರೆ ಅನುಮತಿ ಕೊಡಬಹುದು. ದೆಹಲಿ ಪೊಲೀಸರ ಸಂಘಕ್ಕೆ ಮಾನ್ಯತೆ ಕೊಟ್ಟು ಆಮೇಲೆ ಕಿತ್ತುಕೊಂಡಾಗ ಸುಪ್ರೀಂ ಕೋರ್ಟ್ ಸರ್ಕಾರದ ಪರ ನಿಂತಿತು.

ಮುಷ್ಕರದ ವಿಷಯ ಇನ್ನೂ ಗಟ್ಟಿ. 2003ರಲ್ಲಿ ರಂಗರಾಜನ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಯಾವ ಸರ್ಕಾರಿ ನೌಕರನಿಗೂ ಮುಷ್ಕರದ ಹಕ್ಕಿಲ್ಲ ಅಂದಿದೆ. ಮೇಷ್ಟ್ರೇ, ನಿಮಗೂ ಸೇರಿ! ಆದರೂ ನಿಮ್ಮ ಸಂಘ ಮಾನ್ಯತೆ ಪಡೆದದ್ದು, ಅದರ ಜೊತೆ ಮುಖ್ಯಮಂತ್ರಿ ಕೂತು ಮಾತಾಡುತ್ತಾರೆ. ಪಿಸಿ ಪರ ಹಾಗೆ ಕೂರುವವರು ಯಾರೂ ಇಲ್ಲ. ನನಗೆ ಇಡೀ ಜಗಳ ಇಷ್ಟೇ ಅನ್ನಿಸುತ್ತದೆ.

2016ರ ರಾಜದ್ರೋಹದ ಕೇಸು ಅತಿಯಾಯಿತು ಅಂತ ಆಗಲೇ ಅನ್ನಿಸಿತ್ತು. ಸಂಬಳ ಕೇಳುವುದಕ್ಕೆ 124ಎ ಹಾಕುವುದಾ? ಆ ಸೆಕ್ಷನ್ ಅನ್ನೇ 2022ರ ಮೇನಲ್ಲಿ ಸುಪ್ರೀಂ ಕೋರ್ಟ್ ತಡೆಹಿಡಿಯಿತು.

ಘಟ್ಟದ ಕೆಳಗೆ
2016 ಅಂದಾಗ ಜುಲೈನಲ್ಲಿ ಮಡಿಕೇರಿಯಲ್ಲಿ ಡಿವೈಎಸ್‌ಪಿ ಗಣಪತಿ ಅವರ ಸಾವು ನೆನಪಾಗುತ್ತದೆ. ಜೂನ್‌ನಲ್ಲಿ ಇದು, ಜುಲೈನಲ್ಲಿ ಅದು.

ನಿರ್ವಾಹಕ
ಆ ಪ್ರಕರಣ ಬೇರೆ, ಸಿಬಿಐ ತನಕ ಹೋಗಿ ಬಂದದ್ದು. ಸಂಬಳ, ರಜೆಯ ಚರ್ಚೆಗೆ ಅದನ್ನು ಎಳೆಯುವುದು ಬೇಡ. ಮುಂದುವರಿಸಿ.

ಮಾಕುಟ್ಟ ರೋಡ್
ವಾರಕ್ಕೊಮ್ಮೆ ಇರಿಟ್ಟಿ, ಕಣ್ಣೂರು ಕಡೆ ಲೋಡ್ ತೆಗೆದುಕೊಂಡು ಹೋಗುವವನು ನಾನು. ಮಾಕುಟ್ಟ ದಾಟಿದರೆ ಆ ಕಡೆ ಪೊಲೀಸರಿಗೆ ಸಂಘ ಇದೆ. ಕೇರಳ ಪೊಲೀಸ್ ಅಸೋಸಿಯೇಷನ್. ಚುನಾವಣೆ ನಡೆಯುತ್ತದೆ, ಸಮ್ಮೇಳನಕ್ಕೆ ಮಂತ್ರಿ ಬರುತ್ತಾರೆ, ಗೋಡೆಗೆ ಪೋಸ್ಟರ್ ಅಂಟಿಸಿರುತ್ತಾರೆ. ಒಂದೇ ಕಾಡು, ಒಂದೇ ಮಳೆ. ಈ ಕಡೆ ಗೇಟಿನಲ್ಲಿ ನಿಂತವನು ಸಂಘ ಅನ್ನುವಂತಿಲ್ಲ, ಆ ಕಡೆ ನಿಂತವನು ಸಂಘಕ್ಕೆ ಓಟು ಹಾಕುತ್ತಾನೆ. ಅಲ್ಲಿ ಪೊಲೀಸರು ಮುಷ್ಕರ ಮಾಡಿ ಊರು ಹಾಳಾಯಿತಾ? ಇಲ್ವಲ್ಲ.

ಸಂತೆದಿನ
ಹಾಳಾಗಿಲ್ಲ, ಆದರೆ ಅಲ್ಲಿ ಸಂಘದ ಒಳಗೂ ಎಡ ಬಲ ಅಂತ ಪಾರ್ಟಿ ಇದೆ. ಸರ್ಕಾರ ಬದಲಾದರೆ ಸಂಘದಲ್ಲೂ ಗಾಳಿ ಬದಲಾಗುತ್ತದೆ. ನಮ್ಮಲ್ಲೂ ಅದೇ ಆಗುತ್ತದೆ. ಠಾಣೆಗೆ ಹೋದರೆ ನೀನು ಯಾವ ಪಾರ್ಟಿ ಅಂತ ಕೇಳುವ ಕಾಲ ಬೇಡ.

ಮಾಕುಟ್ಟ ರೋಡ್
ಈಗ ಕೇಳಲ್ವಾ?

ವಕೀಲಮ್ಮ
ಸಂತೆದಿನ ಹೇಳಿದ ಭಯ ನಿಜ, ಅದನ್ನು ತಳ್ಳಿಹಾಕಬಾರದು. ಆದರೆ ಸಂಘ ಇಲ್ಲದಿದ್ದರೆ ಏನಾಗಿದೆ ಅಂತಲೂ ನೋಡಿ. 1973ರಲ್ಲಿ ಉತ್ತರ ಪ್ರದೇಶದಲ್ಲಿ ಪಿಎಸಿ ಅನ್ನುವ ಸಶಸ್ತ್ರ ಪೊಲೀಸ್ ಪಡೆ ತಿರುಗಿಬಿತ್ತು. ಸೇನೆ ಕರೆಸಿ ಹತ್ತಿಕ್ಕಿದರು, ಜೀವ ಹೋಯಿತು, ಮುಖ್ಯಮಂತ್ರಿ ಕಮಲಾಪತಿ ತ್ರಿಪಾಠಿ ರಾಜೀನಾಮೆ ಕೊಟ್ಟರು. 1979ರಲ್ಲಿ ಪಂಜಾಬಿನಲ್ಲಿ ಶುರುವಾದ ಚಳವಳಿ ಹಲವು ರಾಜ್ಯಗಳಿಗೆ ಹಬ್ಬಿತು, ಬೊಕಾರೊದಲ್ಲಿ ಸಿಐಎಸ್‌ಎಫ್ (ಕೇಂದ್ರ ಕೈಗಾರಿಕಾ ಭದ್ರತಾ ಪಡೆ) ಮೇಲೆ ಸೇನೆಯನ್ನೇ ಬಿಟ್ಟರು. ಅದೇ ವರ್ಷ ರಾಷ್ಟ್ರೀಯ ಪೊಲೀಸ್ ಆಯೋಗದ ಮೊದಲ ವರದಿ ಬಂದಿತ್ತು. ಅದರಲ್ಲಿ ಇದ್ದದ್ದು ಏನು? ಕಾನ್‌ಸ್ಟೆಬಲ್ ಸಂಬಳ, ಮನೆ, ಆರ್ಡರ್ಲಿ, ದೂರು ಹೇಳಿಕೊಳ್ಳಲು ಒಂದು ವ್ಯವಸ್ಥೆ. 2016ರ ಬೇಡಿಕೆ ಪಟ್ಟಿಯನ್ನು ಪಕ್ಕದಲ್ಲಿ ಇಟ್ಟರೆ ಹೆಚ್ಚು ವ್ಯತ್ಯಾಸ ಕಾಣಲ್ಲ.

1982ರ ಆಗಸ್ಟ್‌ನಲ್ಲಿ ಬಾಂಬೆಯಲ್ಲಿ ಉಲ್ಟಾ ಆಯಿತು. ಸಂಘ ಇತ್ತು, ಅದರ ಮಾನ್ಯತೆ ತೆಗೆದರು, ಪೊಲೀಸರೇ ಬೀದಿಗೆ ಇಳಿದರು.

ಇಂಗ್ಲೆಂಡಿನ ದಾರಿ ನನಗೆ ಇಷ್ಟ. ಅಲ್ಲಿ 1918 ಮತ್ತು 1919ರಲ್ಲಿ ಪೊಲೀಸರು ಮುಷ್ಕರ ಮಾಡಿದರು. 1919ರ ಮುಷ್ಕರದಲ್ಲಿ ಸೇರಿದವರನ್ನು ವಜಾ ಮಾಡಿದರು. ಯೂನಿಯನ್ ನಿಷೇಧಿಸಿದರು. ಆದರೆ ಅದೇ ಕಾನೂನಿನಲ್ಲಿ ಪೊಲೀಸ್ ಫೆಡರೇಷನ್ ಅಂತ ಒಂದನ್ನು ಕಟ್ಟಿಕೊಟ್ಟರು, ಸಂಬಳವನ್ನೂ ಏರಿಸಿದರು. ಮುಷ್ಕರ ಇಲ್ಲ, ಮಾತುಕತೆ ಇದೆ. ನಮ್ಮಲ್ಲಿ ಮೊದಲ ಅರ್ಧವನ್ನು ಮಾತ್ರ ಇಟ್ಟುಕೊಂಡಿದ್ದೇವೆ.

ಎಕ್ಸ್ ಸರ್ವೀಸ್
ಇದಾದರೆ ನನಗೆ ಒಪ್ಪಿಗೆ. ರೆಜಿಮೆಂಟ್‌ನಲ್ಲಿ ಸೈನಿಕ ದರ್ಬಾರ್ ಅಂತ ಇರುತ್ತದೆ. ಕಮಾಂಡಿಂಗ್ ಆಫೀಸರ್ ಎದುರು ಜವಾನ ಎದ್ದುನಿಂತು ಕೇಳಬಹುದು. ಪೊಲೀಸರಲ್ಲಿ ಇಲ್ವಾ?

ಹಳೆ ಖಾಕಿ
ಇದೆ, ಹೆಸರಿಗೆ. ಕುಂದುಕೊರತೆ ಸಭೆ ಅಂತ ಕರೆಯುತ್ತಾರೆ. ಎಸ್‌ಪಿ ಒಳ್ಳೆಯವರಾದರೆ ಕೆಲಸ ಆಗುತ್ತದೆ, ನಾನೇ ನೋಡಿದ್ದೇನೆ. ಒಬ್ಬರು ಮಳೆಗಾಲಕ್ಕೆ ಮೊದಲೇ ಕ್ವಾರ್ಟರ್ಸ್ ಚಾವಣಿ ಸರಿ ಮಾಡಿಸಿದ್ದರು. ಇನ್ನೊಬ್ಬರ ಕಾಲದಲ್ಲಿ ಸಭೆಯಲ್ಲಿ ಬಾಯಿಬಿಟ್ಟ ಹುಡುಗನಿಗೆ ಮರುವಾರ ಮೆಮೊ ಬಂತು, ಆಮೇಲೆ ದೂರದ ಠಾಣೆ. ಆಮೇಲೆ ಸಭೆಯಲ್ಲಿ ಯಾರೂ ಕೈ ಎತ್ತಲಿಲ್ಲ. "ಯಾವುದೇ ದೂರು ಇಲ್ಲ" ಅಂತ ರಿಪೋರ್ಟ್ ಹೋಯಿತು.

2006ರಲ್ಲಿ ಪ್ರಕಾಶ್ ಸಿಂಗ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಪೊಲೀಸ್ ಸಿಬ್ಬಂದಿ ಮಂಡಳಿ ಮಾಡಿ ಅಂತ ಹೇಳಿತು. ವರ್ಗಾವಣೆ, ಮುಂಬಡ್ತಿ ಅಲ್ಲಿ ತೀರ್ಮಾನ ಆಗಬೇಕು. ಒಳ್ಳೆಯದೇ. ಆದರೆ ಅಲ್ಲಿ ಕೂರುವವರು ಡಿಜಿಪಿ ಮತ್ತು ಹಿರಿಯ ಅಧಿಕಾರಿಗಳು. ಪಿಸಿ, ಹೆಚ್‌ಸಿ ಕಡೆಯವರು ಒಬ್ಬರೂ ಇಲ್ಲ. ಪಡೆಯಲ್ಲಿ ಹೆಚ್ಚಿನವರು ಅವರೇ.

ಕೃಷ್ಣಾ ತೀರ
ಸಾಹೇಬ್ರೆ, ಆ ಮೆಮೊ ಕಥೆ ಓದಿ ಬರೆದದ್ದನ್ನು ಅಳಿಸಲಾ ಅಂತ ಯೋಚನೆ ಬಂತು ನೋಡ್ರಿ.

ನಿರ್ವಾಹಕ
ಬೇಕಾದರೆ ತೆಗೆಯುತ್ತೇನೆ, ಖಾಸಗಿ ಸಂದೇಶ ಹಾಕಿ.

ತೋಟದಮನೆ
ಒಂದು ಕೇಳುವುದಿತ್ತು. ಪೊಲೀಸರು ಮಾತಾಡಬಾರದು. ಅಕ್ಕ, ಹೆಂಡತಿ, ಅಮ್ಮ ಮಾತಾಡಬಹುದಲ್ವಾ? ನಾವು ಜಿಲ್ಲಾಧಿಕಾರಿಗೋ ಶಾಸಕರಿಗೋ ಮನವಿ ಕೊಟ್ಟರೆ?

ವಕೀಲಮ್ಮ
ಕೊಡಬಹುದು. ನೀವು ಪೊಲೀಸ್ ಅಲ್ಲ, ನಿಮ್ಮ ಮೇಲೆ 1966ರ ಕಾಯ್ದೆ ಇಲ್ಲ. ಆದರೆ ಜಾಗ್ರತೆ. 2024ರ ಅಕ್ಟೋಬರ್‌ನಲ್ಲಿ ತೆಲಂಗಾಣದಲ್ಲಿ ಸ್ಪೆಷಲ್ ಪೊಲೀಸ್ ಬೆಟಾಲಿಯನ್‌ಗಳ ಕಾನ್‌ಸ್ಟೆಬಲ್‌ಗಳ ಹೆಂಡತಿಯರು ಬೀದಿಗೆ ಬಂದರು. ಗಂಡಂದಿರನ್ನು ಪದೇ ಪದೇ ಊರೂರು ಕಳಿಸುತ್ತಾರೆ, ಮನೆಯಲ್ಲಿ ಇರಲು ಬಿಡಲ್ಲ ಅನ್ನುವುದು ದೂರು. ಆಮೇಲೆ ಕಾನ್‌ಸ್ಟೆಬಲ್‌ಗಳೂ ಧ್ವನಿ ಎತ್ತಿದರು. ಕೆಲವರು ಸಸ್ಪೆಂಡ್, ಕೆಲವರು ವಜಾ. ಆದ್ದರಿಂದ ರಸ್ತೆ ಬೇಡ, ಕಾಗದ ಸಾಕು. ಬೇಡಿಕೆ ಚಿಕ್ಕದಾಗಿರಲಿ, ಜಿಲ್ಲೆಗೆ ಸಂಬಂಧಿಸಿದ್ದಾಗಿರಲಿ.

ಸಂತೆದಿನ
ನಾನು ಇನ್ನೂ ಪೂರ್ತಿ ಒಪ್ಪಿಲ್ಲ. ಸಂಬಳ ಜಾಸ್ತಿ ಆದರೆ ಮಾಮೂಲು ಕಡಿಮೆ ಆಗುತ್ತದಾ? ಖಾಕಿ ಮಾಮ, ನೀವು ನೇರವಾಗಿ ಹೇಳಿ.

ಹಳೆ ಖಾಕಿ
ಆಗಲ್ಲ. ತಿನ್ನುವವನು ಎಷ್ಟು ಕೊಟ್ಟರೂ ತಿನ್ನುತ್ತಾನೆ. ಅದಕ್ಕೆ ಕೇಸು ಹಾಕಬೇಕು, ಕೆಲಸದಿಂದ ತೆಗೆಯಬೇಕು. ಸಂಬಳ, ರಜೆ ಕೊಡಬೇಕಾದ್ದು ಲಂಚ ನಿಲ್ಲಿಸುವುದಕ್ಕಲ್ಲ, ದುಡಿದಿದ್ದಾನೆ ಅನ್ನುವುದಕ್ಕೆ. ಇನ್ನು ನಿಮ್ಮ ಅಂಗಡಿ ಕಳ್ಳತನದ ದೂರಿನ ಬಗ್ಗೆ. ಎಫ್‌ಐಆರ್ ಮಾಡದೆ ಕಳಿಸಿದ್ದು ತಪ್ಪೇ. ಎಸ್‌ಪಿ ಆಫೀಸಿಗೆ ಲಿಖಿತವಾಗಿ ಕೊಡಿ, ಸ್ವೀಕೃತಿ ತೆಗೆದುಕೊಳ್ಳಿ.

ಸಂತೆದಿನ
ಕೊಡುತ್ತೇನೆ. ಮನವಿಗೆ ಸಹಿ ಬೇಕಾದರೆ ಹೇಳಿ, ಬಾಡಿಗೆ ಭತ್ಯೆಯ ವಿಷಯಕ್ಕಾದರೆ ಹಾಕುತ್ತೇನೆ. ಸಂಘಕ್ಕೆ ಹಾಕಲ್ಲ.

ತೋಟದಮನೆ
ಸರಿ, ಹೀಗೆ ಬರೆಯೋಣ ಅಂತಿದ್ದೇನೆ. ಪ್ರವಾಸಿ ಊರುಗಳಿಗೆ ಬಾಡಿಗೆ ಭತ್ಯೆಯನ್ನು ಜನಸಂಖ್ಯೆ ಬಿಟ್ಟು ಬೇರೆ ಲೆಕ್ಕದಲ್ಲಿ ಕೊಡಬೇಕು. ಮಳೆಗಾಲಕ್ಕೆ ಮೊದಲೇ ಒಳ್ಳೆ ರೈನ್‌ಕೋಟ್, ಬೂಟು. ದೂರದ ಜಿಲ್ಲೆಯವರಿಗೆ ಬಿಡಿ ಬಿಡಿ ಸಿಎಲ್ ಬದಲು ಒಟ್ಟಿಗೆ ರಜೆ. ದಸರಾ, ತೀರ್ಥೋದ್ಭವ ಡ್ಯೂಟಿ ಮಾಡಿದವರಿಗೆ ಆಮೇಲೆ ರಜೆ ಕೊಡಲೇಬೇಕು. ಕುಂದುಕೊರತೆ ಸಭೆಯಲ್ಲಿ ಹೆಸರಿಲ್ಲದೆ ಬರೆದು ಹಾಕಲು ಒಂದು ಪೆಟ್ಟಿಗೆ.

ಕೃಷ್ಣಾ ತೀರ
ಅಕ್ಕಾರ, ಪೆಟ್ಟಿಗೆ ಠಾಣೆಯಲ್ಲಿ ಇಡಬ್ಯಾಡ್ರಿ. ಅಕ್ಷರ ನೋಡಿ ಗುರುತು ಹಿಡೀತಾರ.

ವಕೀಲಮ್ಮ
ಪೆಟ್ಟಿಗೆ ಬಿಡಿ, ಆನ್‌ಲೈನ್ ಅಂತ ಬರೆಯಿರಿ. ಯಾವ ಠಾಣೆಯ ಹೆಸರೂ ಬೇಡ, ತಮ್ಮನ ಹೆಸರೂ ಬೇಡ. "ಪೊಲೀಸ್ ಕುಟುಂಬದವರು" ಅಂತ ಸಹಿ ಮಾಡಿ. ಕರಡು ನನಗೆ ಒಮ್ಮೆ ತೋರಿಸಿ. ಸೋಮವಾರ ಕೋರ್ಟ್ ಮುಗಿದ ಮೇಲೆ ನೋಡುತ್ತೇನೆ.